ನೀರುಗಂಟಿಯ ಹೆಗಲಿಗೆ ಆಂಟೆನಾ

ಹಚ್ಚೊಳ್ಳಿಯ ಗಾದಿಲಿಂಗಪ್ಪನ ಸಿಟ್ಟು ಎಂಥದ್ದೆಂದರೆ, ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲು ಕೂಡ ಅವನ ಓಣಿಯಲ್ಲಿ ಕೌದಿ ಹೊದ್ದುಕೊಂಡು ಓಡಾಡುತ್ತಿತ್ತು. ಅವನು ಒಲೆಯ ಮುಂದೆ ಕೂತು ಹುಬ್ಬು ಗಂಟಿಕ್ಕಿದರೆ ಹಂಚಿನ ಮೇಲಿನ ರೊಟ್ಟಿ ತಾನೇ ಮಗುಚಿಕೊಳ್ಳುತ್ತದೆ ಎಂದು ಹೆಂಡತಿ ಹೊನ್ನೂರಮ್ಮ ಹೇಳುತ್ತಾಳೆ. ಬೇರೆ ಯಾರೂ ಅದನ್ನು ನೋಡಿಲ್ಲ. ಸುಳ್ಳು ಎನ್ನುವ ಧೈರ್ಯವೂ ಯಾರಿಗೂ ಬಂದಿಲ್ಲ.

ಆ ಸಿಟ್ಟಿಗೆ ಸರ್ಕಾರ ಮೂವತ್ತೆರಡು ವರ್ಷ ಸಂಬಳ ಕೊಟ್ಟಿತ್ತು. ಗಾದಿಲಿಂಗಪ್ಪ ಕಾಲುವೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಕಟ್ಟಕಡೆಯ ಹೊಲಕ್ಕೂ ನೀರು ಮುಟ್ಟಿತೇ ಎಂದು ಸೈಕಲ್ ತುಳಿದು ನೋಡಿ ಬರುವುದು ಅವನ ಕೆಲಸ. ಮೇಲ್ಭಾಗದವರು ಕದ್ದು ಪೈಪು ಇಳಿಸಿ ಮೋಟರ್ ಹಚ್ಚಿದರೆ ಕೆಳಗಿನವರ ಭತ್ತ ಒಣಗುತ್ತದೆ. ಅಂಥ ಪೈಪು ಕಣ್ಣಿಗೆ ಬಿದ್ದರೆ ಅವನು ಕೇಸು ಗೀಸು ಎಂದು ಕಾಗದ ಕೆಡಿಸುತ್ತಿರಲಿಲ್ಲ. ಕದ್ದವನ ಕೈಯಿಂದಲೇ ಕೀಳಿಸಿ, ಅವನ ಹೆಗಲ ಮೇಲೇ ಹೊರಿಸಿ, ಕಾಲುವೆ ಏರಿಯಿಂದ ಊರೊಳಗೆ, ಬಜಾರದ ನಟ್ಟನಡುವೆ, ಬಸ್ ಸ್ಟ್ಯಾಂಡಿನವರೆಗೆ ನಡೆಸುತ್ತಿದ್ದ. ಹಿಂದಿನಿಂದ ತಾನು ಸೈಕಲ್ ತಳ್ಳಿಕೊಂಡು ಬರುತ್ತಿದ್ದ, ಮದುವೆ ಮೆರವಣಿಗೆಯ ಹಿರಿಯನ ಹಾಗೆ. ಹೊನ್ನೂರಮ್ಮನ ಸ್ವಂತ ತಮ್ಮ ಅಮರೇಶನೂ ಹೀಗೆ ಒಮ್ಮೆ ಪೈಪು ಹೊತ್ತಿದ್ದ. ಆಮೇಲೆ ಆರು ತಿಂಗಳು ಹೊನ್ನೂರಮ್ಮ ಗಂಡನ ಸಂಗಡ ಮಾತಾಡಲಿಲ್ಲ; ಸಾರಿಗೆ ಉಪ್ಪು ಬೇಕೆಂದರೆ ಗೋಡೆಗೆ ಹೇಳುತ್ತಿದ್ದಳು.

ಆದರೆ ಪೈಪು ಹೊತ್ತವರಲ್ಲಿ ಒಬ್ಬನೂ ಇವತ್ತಿಗೂ ಅವನನ್ನು ಕೆಟ್ಟವನೆನ್ನುವುದಿಲ್ಲ. ಅವನ ಮನೆಗೆ ಕಾಲುವೆಯ ಒಂದು ತಂಬಿಗೆ ನೀರೂ ಕಳ್ಳದಾರಿಯಲ್ಲಿ ಬಂದಿರಲಿಲ್ಲ. ಒಬ್ಬರ ಪಾಲನ್ನು ಇನ್ನೊಬ್ಬ ಮುಟ್ಟಲು ಬಿಡದವನು ಎನ್ನುವ ಆ ಒಂದು ಹೆಸರನ್ನೇ ಅವನು ಗಳಿಸಿದ್ದು. ನಿವೃತ್ತಿಯಾದ ದಿನ ಹಾಕಿದ ಹೂಮಾಲೆ ಒಣಗಿ ಉದುರಿತು, ಹೆಸರು ಉಳಿದಿತ್ತು.

ಹೋದ ವರ್ಷ ಆ ಹೆಸರಿಗೇ ಸಂಚಕಾರ ಬಂತು. ಬಂದದ್ದು ಕಾಲುವೆಯಿಂದಲ್ಲ, ಫೋನಿನಿಂದ.

ಹೊನ್ನೂರಮ್ಮನ ಅಕ್ಕ ಚನ್ನವೀರಮ್ಮ ಇರುವುದು ಕುರುಗೋಡಿನಲ್ಲಿ. ಸೊಂಟ ಮುರಿದು ಮಂಚ ಹಿಡಿದ ಮೇಲೆ ಆಕೆಗೆ ಲೋಕವೆಂದರೆ ತಂಗಿಯ ದನಿ. ದಿನಾ ಬೆಳಿಗ್ಗೆ ಹತ್ತಕ್ಕೆ ಫೋನು. ಒಂದು ತಾಸಿಗೆ ಕಡಿಮೆಯಿಲ್ಲ; ಇಬ್ಬರೂ ಸೇರಿ ಎರಡು ತಾಲೂಕಿನ ಸೊಸೆಯಂದಿರ ಜಾತಕ ತೊಳೆದು ಹಿಂಡಿ ಒಣಹಾಕುತ್ತಿದ್ದರು. ಆದರೆ ಗಾದಿಲಿಂಗಪ್ಪನ ಮನೆ ಅಜ್ಜನ ಕಾಲದ್ದು. ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಕಲ್ಲುಗೋಡೆ. ಒಳಗೆ ಯಮಧರ್ಮ ಬಂದು ನಿಂತರೂ ಮೇಲಿನವರಿಗೆ ಫೋನ್ ಹಚ್ಚಲು ಹೊರಗೆ ಹೋಗಬೇಕಿತ್ತು. ಈಚೀಚೆಗೆ ಹೊಸ್ತಿಲ ಹೊರಗಿನ ಕಟ್ಟೆಯ ಮೇಲೂ ಸಿಗ್ನಲ್ ನಿಲ್ಲುತ್ತಿರಲಿಲ್ಲ; ಹಾಗಾಗಿ ಹೊನ್ನೂರಮ್ಮ ಏಣಿ ಹತ್ತಿ ಮಾಳಿಗೆಗೆ ಹೋಗುತ್ತಿದ್ದಳು. ಒಂದು ದಿನ ಮಾತಿನ ಭರದಲ್ಲಿ ಏಣಿಯ ಮೆಟ್ಟಿಲು ತಪ್ಪಿ ಬಿದ್ದು ಮುಂಗೈ ಮುರಿದುಕೊಂಡಳು.

ಗಾದಿಲಿಂಗಪ್ಪ ಅದೇ ಏಣಿ ಹತ್ತಿ ಫೋನ್ ಕಂಪನಿಗೆ ಕರೆ ಮಾಡಿದ. ಆ ಕಡೆಯಿಂದ ಹೆಣ್ಣುದನಿಯೊಂದು, ನಿಮ್ಮ ಕರೆ ನಮಗೆ ಬಹಳ ಮುಖ್ಯ, ದಯವಿಟ್ಟು ಕಾಯಿರಿ ಎಂದಿತು.

“ಮುಖ್ಯ ಐತಿ ಅಂದ್ರ ಎತ್ತಿ ಮಾತಾಡಬೇ ತಾಯಿ.”

ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಅದು ಮತ್ತೆ ಹೇಳಿತು.

“ಹೇಳಿದ್ದು ಹೇಳಬ್ಯಾಡ. ನನ್ನ ಹೇಣ್ತಿ ಕೈ ಮುರಕೊಂಡಾಳ.”

ಯಂತ್ರದ ದನಿಯ ಜೊತೆ ಮುಕ್ಕಾಲು ತಾಸು ಜಗಳ ಮಾಡಿ ಸೋಲದೆ ಇಳಿದು ಬಂದ ಮನುಷ್ಯ ಜಿಲ್ಲೆಯಲ್ಲಿ ಇವನೊಬ್ಬನೇ. ಆ ದನಿಯೇ ಕೊನೆಗೆ ನೀರು ಕುಡಿಯಲು ಹೋಯಿತೆಂದು ಜನ ಹೇಳುತ್ತಾರೆ.

ಮರುದಿನ ಬಳ್ಳಾರಿಗೆ ಹೋದ. ಕೌಲ್ ಬಜಾರಿನಲ್ಲಿ ಲಾಲಸಾಬನ ಅಂಗಡಿ. ಹಿಂದೆ ಟೀವಿ ಆಂಟೆನಾ, ಆಮೇಲೆ ಡಿಶ್, ಈಗ ಮೊಬೈಲು. ಗಿರಾಕಿ ಉಸಿರು ಎಳೆದುಕೊಂಡರೆ ಮಾಲೀಕ ಉಸಿರು ಬಿಡಬೇಕು, ಅಂಗಡಿ ಅಷ್ಟು ಇಕ್ಕಟ್ಟು. ಲಾಲಸಾಬ್ ಒಂದು ಪೆಟ್ಟಿಗೆ ತೆಗೆದು ಮುಂದಿಟ್ಟ.

“ಬೂಸ್ಟರ್ ಅಂತಾರ ಇದಕ್ಕ, ಗಾದಿಲಿಂಗಣ್ಣ. ಈ ಮೀನಿನ ಮುಳ್ಳಿನಂಗ ಇರೋ ಆಂಟೆನಾ ಮಾಳಗಿ ಮ್ಯಾಲ, ಟವರ್ ಕಡಿ ಮುಖ ಮಾಡಿ. ಈ ಸಣ್ಣದು ಮನಿ ಒಳಗ. ನಡುವ ಪೆಟಗಿ. ಮ್ಯಾಲಿಂದು ಸಿಗ್ನಲ್ ಹಿಡಿತೈತಿ, ಪೆಟಗಿ ದೊಡ್ಡದು ಮಾಡತೈತಿ, ಒಳಗಿಂದು ಹಂಚತೈತಿ.”

“ತೂಬು ಇದ್ದಂಗ.”

“ಹಂಗ ಅನ್ಕೋ. ಒಂದ್ ಮಾತು ಕೇಳು. ಎರಡೂ ಆಂಟೆನಾ ದೂರ ಇರಬೇಕು, ನಡುವ ಗ್ವಾಡಿ ಇರಬೇಕು. ಸಮೀಪ ಇಟ್ರ ಪೆಟಗಿ ತನ್ನ ದನಿ ತಾನಾ ಕೇಳಿ ಹುಚ್ಚು ಹಿಡದು ಒದರತೈತಿ, ಮೈಕ್ ಕುಯ್ ಅಂತದಲ್ಲ, ಹಂಗ. ಆಗ ಕೆಂಪು ಲೈಟ್ ಹತ್ತತೈತಿ. ಹತ್ತಿದ್ರ ಮೊದ್ಲು ಆರಿಸು.”

“ನನಗ ಕಲಸ್ತೀಯೇನಲೇ. ಮೂವತ್ತೆರಡು ವರ್ಷ ತೂಬು ತಿರವೀನಿ.”

“ಅದಕ್ಕ ಅಂಜಿಕಿ ನನಗ” ಎಂದ ಲಾಲಸಾಬ್.

ಮನೆಗೆ ಬಂದು ಗಾದಿಲಿಂಗಪ್ಪ ಬಿದಿರು ಗಳುವಿಗೆ ಆಂಟೆನಾ ಕಟ್ಟಿ ಮಾಳಿಗೆಯಲ್ಲಿ ನಿಲ್ಲಿಸಿ, ಬಾಗಿಲಿನಿಂದ ಕೇಬಲ್ ಎಳೆದು ಪೆಟ್ಟಿಗೆಯನ್ನೂ ಒಳಗಿನ ಆಂಟೆನಾವನ್ನೂ ಸದ್ಯಕ್ಕೆ ಪಡಸಾಲೆಯಲ್ಲಿಟ್ಟ. ಕೈಗೆ ಪಟ್ಟಿ ಸುತ್ತಿಕೊಂಡ ಹೊನ್ನೂರಮ್ಮ ಒಳಗೆ ಫೋನ್ ಹಿಡಿದು ಸಿಗ್ನಲ್ಲಿನ ಗೆರೆ ಎಣಿಸಲು ನಿಂತಳು.

“ಬಂತೇನು?”

“ಒಂದು ಗೆರಿ.”

ಇನ್ನಷ್ಟು ತಿರುಗಿಸಿದ. “ಈಗ?”

“ಹೋತು.”

“ಹೆಂಗ ಹೋಕ್ಕತಿ, ಸರಿಯಾಗಿ ನೋಡು.”

“ನಾ ತಿಂದಿಲ್ರಿ ಅದನ್ನ.”

ಹೀಗೆ ಎರಡು ತಾಸು ನಡೆಯಿತು. ಆಂಟೆನಾ ಲೋಕದ ಎಂಟೂ ದಿಕ್ಕು ನೋಡಿ, ಒಂಬತ್ತನೆಯದು ಎಲ್ಲಿದೆ ಎಂದು ಕೇಳುವ ಹಂತಕ್ಕೆ ಬಂತು. ಕೊನೆಗೆ ಮಾಳಿಗೆಯಿಂದಲೇ ಲಾಲಸಾಬನಿಗೆ ಫೋನ್ ಹಚ್ಚಿ ಬೈದ. ಲಾಲಸಾಬ್ ಬೈಗುಳ ಮುಗಿಯುವ ತನಕ ಚಹಾ ಕುಡಿದು, “ಕೇಬಲ್ ತುದಿ ನಟ್ಟು ಬಿಗಿ ಐತೇನು ನೋಡು” ಎಂದ. ಸಡಿಲಿತ್ತು. ಬಿಗಿದೊಡನೆ ಮೂರು ಗೆರೆ ಬಂತು.

ಒಳಗಿನ ಆಂಟೆನಾವನ್ನು ದೂರದ ಅಡುಗೆಮನೆಯಲ್ಲಿ ಇಡಬೇಕಿತ್ತು. ಅದಕ್ಕೆ ಎರಡು ಮೊಳದ ಗೋಡೆ ಕೊರೆಯಬೇಕು, ಇಲ್ಲವೇ ಮಾಳಿಗೆಗೆ ತೂತು ಹೊಡೆಯಬೇಕು; ತೂತು ಬಿದ್ದ ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಸೋರುತ್ತದೆ. ಗಾದಿಲಿಂಗಪ್ಪ ಬೆಳಕಿಂಡಿಯಿಂದ ಕೇಬಲ್ ಇಳಿಬಿಟ್ಟು, ಒಳಗಿನ ಆಂಟೆನಾವನ್ನು ಅದರ ಕೆಳಗೇ ತೂಗುಹಾಕಿದ. ಮೇಲಿನದು ಇಣುಕಿದರೆ ಕೆಳಗಿನದರ ಮುಖ ಕಾಣುತ್ತಿತ್ತು. ಆಮೇಲೆ ಪೆಟ್ಟಿಗೆಯ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಅರ್ಧ ತೆರೆದ ತೂಬೆಂದರೆ ಅವನಿಗೆ ಮೊದಲಿನಿಂದಲೂ ಆಗದು.

ಐದು ಗೆರೆ ಬಂತು. ಕೆಂಪು ದೀಪವೂ ಬಂತು.

“ಇದು ಕಣ್ಣಿಗೆ ಚುಚ್ಚತೈತ್ರಿ” ಎಂದಳು ಹೊನ್ನೂರಮ್ಮ.

“ಐದು ಗೆರಿ ಬಂದೈತಿ. ಲೈಟ್ ಯಾವ ಬಣ್ಣ ಇದ್ರ ನಿನಗೇನು?”

ಅವಳು ತನ್ನ ಹಣೆಯ ಟಿಕಳಿ ತೆಗೆದು ದೀಪದ ಮೇಲೆ ಅಂಟಿಸಿದಳು. ದೀಪ ಮರೆಯಾಯಿತು. ಪೆಟ್ಟಿಗೆ ಮುತ್ತೈದೆಯಾಯಿತು.

ಮೂರನೆಯ ದಿನದಿಂದ ಓಣಿಯಲ್ಲಿ ಸಿಗ್ನಲ್ ಸತ್ತಿತು. ಫೋನು ರಿಂಗಾಗದು, ರಿಂಗಾದರೂ ಬಾವಿಯೊಳಗಿನ ಮಾತು. ಇಡೀ ಓಣಿಯಲ್ಲಿ ಐದು ಗೆರೆ ಇದ್ದದ್ದು ಗಾದಿಲಿಂಗಪ್ಪನ ಪಡಸಾಲೆಯಲ್ಲಿ ಮಾತ್ರ. ಜನ ಅಲ್ಲಿಗೇ ಬಂದು ಮಾತಾಡತೊಡಗಿದರು. ಅಕ್ಕತಂಗಿಯರ ಹತ್ತು ಗಂಟೆಯ ಮಾತು ಕೇಳಲು ಬಂದವರೂ ಇದ್ದರು. ಗಾದಿಲಿಂಗಪ್ಪ ಅವರಿಗೆಲ್ಲ ಚಾಪೆ ಹಾಸಿ, ಕಂಪನಿಯನ್ನು ಬೈದ.

ಪಕ್ಕದ ಮನೆಯ ಮಾಬುಬೀ ಆಶಾ ಕಾರ್ಯಕರ್ತೆ. ಊರಿನ ಬಸುರಿಯರೆಲ್ಲ ನೋವು ಬಂದರೆ ಮೊದಲು ಅವಳಿಗೇ ಫೋನ್ ಮಾಡುವುದು. ಆಂಬುಲೆನ್ಸ್ ಕರೆಸುವವಳು ಅವಳು. ಒಂದು ಗುರುವಾರ ಮಧ್ಯಾಹ್ನ ಊರಾಚೆಯ ರೈತರ ಕ್ಯಾಂಪಿನ ಹೆಣ್ಣುಮಗಳೊಬ್ಬಳ ಮನೆಯವರು ಹನ್ನೊಂದು ಸಲ ಮಾಡಿದರೂ ಮಾಬುಬೀಯ ಫೋನು ರಿಂಗಾಗಲಿಲ್ಲ. ಸಿರುಗುಪ್ಪದ ದಾರಿಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನಲ್ಲೇ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಉಳಿದರು.

“ಎಲ್ಲಿ ಸತ್ತಿದ್ಯವಾ ಅಂತ ಕೇಳಿದ್ಳು, ದೊಡಪ್ಪ, ಆಕಿ ಅತ್ತಿ” ಎಂದಳು ಮಾಬುಬೀ ಗಾದಿಲಿಂಗಪ್ಪನಿಗೆ. “ಫೋನ್ ನನ್ನ ಕೈಯಾಗಾ ಇತ್ತು. ಏನಂತ ಹೇಳ್ಲಿ?”

ಗಾದಿಲಿಂಗಪ್ಪನ ಸಿಟ್ಟು ಅವತ್ತು ಎಷ್ಟು ಏರಿತೆಂದರೆ ಓಣಿಯ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಟ್ಟವು. ಎರಡು ಟ್ರ್ಯಾಕ್ಟರ್ ಜನರನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋಗಿ, ಫೋನ್ ಕಂಪನಿಯ ಕಚೇರಿಯ ಮೆಟ್ಟಿಲ ಮೇಲೆ ಕೂತ. ಹೊರಗೆ ಬಂದವನು ಪ್ರದೀಪ ಎಂಬ ಎಂಜಿನಿಯರ್.

“ಟವರ್ ಸರಿ ಐತ್ರಿ ಯಜಮಾನ್ರ, ನೋಡೀವಿ.”

“ಕಾಲುವಿ ತುಂಬ ನೀರು ಬಿಟ್ಟೀವಿ ಅಂತ ನಮ್ಮ ಸಾಹೇಬ್ರೂ ಹೇಳ್ತಿದ್ರು. ಕಡೀ ಹೊಲಕ್ಕ ಯಾಕ ಬರವಲ್ದು? ನಡುವ ಯಾವನೋ ಪೈಪ್ ಇಟ್ಟಾನ. ಬಂದು ಹುಡುಕ್ರಿ. ಸಿಕ್ರ ನನ್ನ ಕೈಯಾಗ ಕೊಡ್ರಿ, ಹೊರಸೋದು ನನಗ ಗೊತ್ತೈತಿ.”

ಜನ ಚಪ್ಪಾಳೆ ತಟ್ಟಿದರು. ಪ್ರದೀಪ ಕತ್ತು ಓರೆ ಮಾಡಿ, “ನೀವು ಹೇಳಿದ್ದು ಖರೇ ಇರಬಹುದು” ಎಂದ.

ಎರಡು ದಿನ ಬಿಟ್ಟು ಅವನು ಹಚ್ಚೊಳ್ಳಿಗೆ ಬಂದ. ಕೈಯಲ್ಲಿ ಚಿಕ್ಕ ಆಂಟೆನಾ, ಕೊರಳಲ್ಲಿ ಅಳತೆಯ ಯಂತ್ರ. ಆಂಟೆನಾ ಅತ್ತಿತ್ತ ತಿರುಗಿಸುತ್ತ, ಯಂತ್ರದ ಮುಳ್ಳು ಏರಿದ ಕಡೆ ಹೆಜ್ಜೆ ಹಾಕುತ್ತ ನಡೆದ. ಹಿಂದೆ ಗಾದಿಲಿಂಗಪ್ಪ, ಅವನ ಹಿಂದೆ ಅರ್ಧ ಊರು. ಮುಳ್ಳು ಓಣಿಯೊಳಗೆ ತಿರುಗಿತು. ಮಾಬುಬೀಯ ಬಾಗಿಲು ದಾಟಿತು. ಗಾದಿಲಿಂಗಪ್ಪನ ಹೊಸ್ತಿಲ ಮುಂದೆ ಯಂತ್ರ ಕೂಗಿಕೊಂಡಿತು.

ಪ್ರದೀಪ ಒಳಗೆ ಹೋಗಿ ಬೆಳಕಿಂಡಿ ನೋಡಿದ, ಪೆಟ್ಟಿಗೆ ನೋಡಿದ, ಟಿಕಳಿ ಕಿತ್ತ. ಅದರ ಕೆಳಗೆ ದೀಪ ಕೆಂಪಗೆ ಉರಿಯುತ್ತಿತ್ತು. ತಂತಿ ಕಿತ್ತು ಪೆಟ್ಟಿಗೆ ಆರಿಸಿದ. ಹೊರಗೆ ಒಬ್ಬರ ಫೋನು ರಿಂಗಾಯಿತು, ಇನ್ನೊಬ್ಬರದು, ಆಮೇಲೆ ಮಾಬುಬೀಯದು.

“ಇದನ್ನ ಮನ್ಯಾಗ ಹಾಕಂಗಿಲ್ರಿ, ಕಾನೂನಿಗೆ ವಿರುದ್ಧ ಇದು” ಎಂದ ಪ್ರದೀಪ. “ನಿಮ್ಮ ಪೆಟಗಿ ಇಪ್ಪತ್ತನಾಲ್ಕು ತಾಸು ಟವರಿನ ಕಿವ್ಯಾಗ ಒದರಾಕತ್ತೈತಿ. ಉಳದವರು ಮಾತಾಡಿದ್ದು ಅದಕ್ಕ ಕೇಳಸಂಗಿಲ್ಲ. ಕಾಲುವ್ಯಾಗ ಕಳ್ಳ ಮೋಟರ್ ಇಟ್ಟಂಗ.”

ಗಾದಿಲಿಂಗಪ್ಪನ ಬಾಯಿ ತೆರೆಯಿತು. ಮೊದಲು ಲಾಲಸಾಬನನ್ನು ಬೈದ. ಪೆಟ್ಟಿಗೆ ಮಾಡಿದವನನ್ನು ಬೈದ. ಮಣ್ಣಿನ ಮಾಳಿಗೆ ಹಾಕಿಸಿದ ಅಜ್ಜನನ್ನು ಬೈದ. ಟಿಕಳಿಯನ್ನು ಬೈದ. ಬೈಯಲು ಇನ್ನು ಒಬ್ಬನೇ ಉಳಿದಿದ್ದ; ಅಲ್ಲಿಗೆ ಬಂದು ಬಾಯಿ ನಿಂತಿತು. ಬಾಗಿಲಲ್ಲಿ ಮಾಬುಬೀ ಫೋನ್ ಹಿಡಿದು ನಿಂತಿದ್ದಳು. ಅವಳು ಬೈದಿದ್ದರೆ ಹಗುರಾಗುತ್ತಿತ್ತು.

ಪ್ರದೀಪನಿಗೆ ಪಾಪ ಅನ್ನಿಸಿತು. ದನಿ ತಗ್ಗಿಸಿ, “ಯಜಮಾನ್ರ, ಇದನ್ನ ಬಿಚ್ಚಿ ಚೀಲದಾಗ ಹಾಕ್ಕೊಂಡು ಹೋಗ್ತೀನಿ. ಟವರಿನ್ಯಾಗ ಏನೋ ರಿಪೇರಿ ಆತು ಅಂತ ಹೇಳ್ರಿ” ಎಂದ.

ಗಾದಿಲಿಂಗಪ್ಪ ಚೀಲದ ಕಡೆ ನೋಡಿದ. ನೋಡಿದ ಎಂಬುದನ್ನು ಮುಚ್ಚಿಡಬಾರದು.

“ನನ್ನ ತಮ್ಮನ ಹೆಗಲಿಗೆ ಯಾವ ಚೀಲ ಕೊಟ್ಟಿದ್ರಿ ನೀವು?” ಎಂದಳು ಹೊನ್ನೂರಮ್ಮ.

“ಲೇ, ನಿನ್ನ ಸಲುವಾಗಿ ಹಾಕಿದ್ದು ಇದು.”

“ಅವನೂ ಹೇಣ್ತಿ ಮಕ್ಕಳ ಸಲುವಾಗೇ ಹಾಕಿದ್ದ.”

ಗಾದಿಲಿಂಗಪ್ಪ ಏಣಿ ಹತ್ತಿದ. ಗಂಟು ಬಿಚ್ಚುವ ತಾಳ್ಮೆ ಇರಲಿಲ್ಲ, ಗಳುವನ್ನೇ ಕಿತ್ತ. ಆಂಟೆನಾ ಸಮೇತ ಅದನ್ನು ಹೆಗಲ ಮೇಲಿಟ್ಟು, ಪೆಟ್ಟಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ ಓಣಿಗೆ ಇಳಿದ. ಕೇಬಲ್ ಬಾಲದಂತೆ ಹಿಂದೆ ಎಳೆದುಕೊಂಡು ಬರುತ್ತಿತ್ತು. ಏರಿಯ ಬದಿಯಿಂದ ಬಜಾರಕ್ಕೆ, ಅದೇ ಹಳೆಯ ದಾರಿ. ಮೊದಲು ಯಾರೂ ನಗಲಿಲ್ಲ. ಚಹಾದಂಗಡಿಯಲ್ಲಿ ಕೂತಿದ್ದ ಅಮರೇಶ ಮಾತ್ರ ಎದ್ದು ಬಂದು, ಗೋಡೆಗೆ ಒರಗಿಸಿದ್ದ ಯಾರದೋ ಸೈಕಲ್ ತೆಗೆದುಕೊಂಡು ಹಿಂದೆ ತಳ್ಳತೊಡಗಿದ.

“ನೆಟ್ಟಗ ನಡೀರಿ ಮಾವ. ಹೆಗಲು ಬದಲಿ ಮಾಡಂಗಿಲ್ಲ. ನೀವಾ ಮಾಡಿದ ಕಾಯ್ದೆ.”

“ಬಾಯಿ ಮುಚ್ಚಿಕೊಂಡು ಬಾ.”

“ನಾನೂ ಅವತ್ತು ಮುಚ್ಚಿಕೊಂಡಾ ಬಂದಿದ್ದೆ.”

ಆಗ ಜನ ನಕ್ಕರು. ಆ ನಗುವಿಗೆ ಸಿರುಗುಪ್ಪದ ಗಿರಣಿಗಳ ಹೊಗೆ ಕೊಳವೆಗಳು ಅಲುಗಾಡಿದವಂತೆ.

ಬಸ್ ಸ್ಟ್ಯಾಂಡಿಗೆ ಇನ್ನು ನೂರು ಹೆಜ್ಜೆ. ಅಲ್ಲಿ ಕರಿಬಸವ ಸಾವ್ಕಾರನ ಅಕ್ಕಿ ಗಿರಣಿ, ಅದರ ಮಗ್ಗುಲಿಗೆ ಟವರು. ಹೆಗಲ ನೋವಿಗೆ ಕತ್ತು ಮೇಲೆತ್ತಿದ ಗಾದಿಲಿಂಗಪ್ಪನಿಗೆ ಗಿರಣಿಯ ತಗಡಿನ ಮೇಲೆ ಅಂಥವೇ ಮೂರು ಮೀನಿನ ಮುಳ್ಳಿನ ಆಂಟೆನಾ ಕಂಡವು. ಜನರ ಜೊತೆ ಬಂದಿದ್ದ ಪ್ರದೀಪನ ಯಂತ್ರದ ಮುಳ್ಳೂ ಅತ್ತಲೇ ಬಾಗಿತು.

“ಓಹೋ” ಎಂದ ಪ್ರದೀಪ. “ನಿಮ್ಮದಕ್ಕಿಂತ ಮೊದ್ಲಿಂದು ಕಾಣತೈತ್ರಿ ಇದು.”

ಹೊನ್ನೂರಮ್ಮ ಕಟ್ಟೆ ಬಿಟ್ಟು ಏಣಿ ಹತ್ತುವಂತಾದದ್ದು ಯಾಕೆ ಎಂದು ಗಾದಿಲಿಂಗಪ್ಪನಿಗೆ ಹೊಳೆಯಿತು. ಹೆಗಲ ಗಳು ಇಳಿಸದೆಯೇ ಗಿರಣಿಯ ಬಾಗಿಲಲ್ಲಿ ನಿಂತ. ಸಿಟ್ಟು ಬಹಳ ದಿನಗಳ ಮೇಲೆ ತನ್ನ ಜಾಗಕ್ಕೆ ಬಂದು ಕೂತಿತ್ತು.

“ಸಾವ್ಕಾರ, ಮ್ಯಾಲಿಂದು ಮೂರೂ ಇಳಸ್ರಿ.”

ಕರಿಬಸವ ಹಲ್ಲು ಚುಚ್ಚುತ್ತ ಹೊರಗೆ ಬಂದ. “ಮೊದ್ಲು ನಿನ್ನ ಹೆಗಲ ಮ್ಯಾಲ ಏನೈತಿ ನೋಡ್ಕೋ.”

“ನೋಡ್ಕೊಂಡೇ ಬಂದೀನಿ. ಇದು ಹೊತ್ತದ್ದಕ್ಕಾ ಕೇಳಾಕ ಬಾಯಿ ಐತಿ. ಇಳಸ್ತೀರೋ, ನಾ ಹತ್ಲೋ?”

ಕರಿಬಸವ ಅವನ ಹಿಂದೆ ನಿಂತ ಜನರನ್ನು ನೋಡಿದ, ಸೈಕಲ್ ಹಿಡಿದ ಅಮರೇಶನನ್ನು ನೋಡಿದ, ಯಂತ್ರದ ಪ್ರದೀಪನನ್ನು ನೋಡಿದ. ಏಣಿ ತರಿಸಿದ. ಆಳಿನ ಕೈಗೆ ಆಂಟೆನಾ ಕೊಡಲು ಹೋದಾಗ ಅಮರೇಶ, “ಸ್ವಂತ ಹೆಗಲ್ರಿ ಸಾವ್ಕಾರ” ಎಂದ.

ಮರುದಿನ ಹತ್ತು ಗಂಟೆಗೆ ಹೊನ್ನೂರಮ್ಮ ಏಣಿ ಹತ್ತಲಿಲ್ಲ. ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕೂತಳು. ಮೂರು ಗೆರೆ ಇತ್ತು. ಕುರುಗೋಡಿನ ಚನ್ನವೀರಮ್ಮನ ಕೆಮ್ಮು ಕೂಡ ಗಂಟೆ ಬಡಿದ ಹಾಗೆ ಕೇಳುತ್ತಿತ್ತು. ಹೊನ್ನೂರಮ್ಮ ಕೌಲ್ ಬಜಾರಿನಿಂದ ಶುರು ಮಾಡಿದಳು. ಟಿಕಳಿಗೆ ಬಂದಳು, ಗಳುವಿಗೆ ಬಂದಳು, ತಮ್ಮನ ಸೈಕಲ್ಲಿಗೆ ಬಂದಾಗ ಆ ಕಡೆಯಿಂದ ಮಂಚವೇ ನಕ್ಕಂತೆ ಸದ್ದಾಯಿತು.

ಒಳಗೆ ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಗಾದಿಲಿಂಗಪ್ಪ ಗುಡುಗಿದ. “ಸ್ವಲ್ಪ ಸಣ್ಣಗ ಮಾತಾಡು. ಓಣಿಗೆಲ್ಲ ಕೇಳಸ್ತೈತಿ.”

“ನಾ ಒದರಾಕತ್ತಿಲ್ರಿ” ಎಂದಳು ಹೊನ್ನೂರಮ್ಮ. “ಸಿಗ್ನಲ್ ಚಲೋ ಐತಿ.”