ಎರಡನೇ ದಿನದ ಮಾತ್ರೆ

ಅವತ್ತು ಬೆಳಿಗ್ಗೆ ಸೊಳ್ಳೆಗೆ ಔಷಧಿ ಹೊಡೆಯುವವರು ಜಂಗಮಕೋಟೆಯ ನಮ್ಮ ಮನೆ ಬಾಗಿಲಿಗೆ ಬಂದರು. ಹಿಂದಿನ ಬೀದಿಯಲ್ಲಿ ಒಬ್ಬರಿಗೆ ಮಲೇರಿಯಾ ಬಂದಿತ್ತು. ನಮ್ಮ ಮನೆಯೊಳಗೆ ಸ್ಟ್ಯಾಂಡಿನ ತುಂಬ ರೇಷ್ಮೆ ಹುಳು, ಗೂಡು ಕಟ್ಟಲು ಇನ್ನು ಮೂರು ದಿನ. ಹುಳು ಇರುವಾಗ ನಾವು ಊದುಬತ್ತಿ ಕೂಡ ಹಚ್ಚುವುದಿಲ್ಲ.

ನನ್ನ ಹೆಂಡತಿ ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ನಿಂತಳು.

"ಹುಳ ಸತ್ರೆ ನೀವೇ ಬಂದು ಗೂಡು ಕಟ್ತೀರೇನಪ್ಪ?"

"ಆಮೇಲೆ ಸೊಳ್ಳೆ ಕಚ್ತು ಅಂತ ನಮ್ಮನ್ನ ಬೈಬೇಡಿ ಅಕ್ಕ," ಎಂದ ಅವರಲ್ಲೊಬ್ಬ.

"ನನ್ನ ಕಚ್ಚಿದ್ರೆ ಸೊಳ್ಳೇನೇ ಸಾಯ್ತದೆ, ಹೋಗಪ್ಪ."

ನಾನೂ ನಕ್ಕೆ. ಅವರು ಮುಂದಿನ ಮನೆಗೆ ಹೋದರು.

ಮೂರನೇ ವಾರಕ್ಕೆ ಅವಳಿಗೆ ಚಳಿಜ್ವರ ಬಂತು. ಊರಿನ ಆಸ್ಪತ್ರೆಯಲ್ಲಿ ರಕ್ತ ನೋಡಿ ಮಲೇರಿಯಾ ಎಂದರು, ಮೂರು ದಿನದ ಮಾತ್ರೆ ಕೊಟ್ಟರು. ಎರಡನೇ ದಿನ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿ ಮಾಡಿಕೊಂಡಳು. ಮಾತ್ರೆ ಇನ್ನೂ ಪೂರ್ತಿ ಕರಗಿರಲಿಲ್ಲ. ಬಚ್ಚಲಿಗೆ ನೀರು ಹೊಯ್ದವನು ನಾನೇ. ಹೋಗಿ ಇನ್ನೊಂದು ಕೇಳಿ ತರಬೇಕಿತ್ತು. ಹೊಸ ಮರಿಹುಳು ಬಂದಿದ್ದವು, ಸೊಪ್ಪು ಕತ್ತರಿಸುವುದಿತ್ತು. ಒಂದು ಹೊತ್ತಿನದು ತಾನೇ ಅಂದುಕೊಂಡೆ.

ಜ್ವರ ಇಳಿದಂತೆ ಮಾಡಿ ಮತ್ತೆ ಏರಿತು. ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಇಬ್ಬರು ಸಂಶೋಧಕರು ಬಂದರು. ನಮ್ಮ ಕಡೆ ಈಗ ಮಲೇರಿಯಾ ಅಪರೂಪ. ಮಾತ್ರೆಗೆ ಬಗ್ಗದ ಮಲೇರಿಯಾ ಎಂದರೆ ಅವರಿಗೆ ಇನ್ನೂ ಬೇಕಾದದ್ದು. ರೋಗಾಣು ಔಷಧಿಯನ್ನು ತಡೆದುಕೊಳ್ಳಲು ಕಲಿತಿದೆಯೋ ನೋಡಬೇಕೆಂದು ಸಣ್ಣ ಸೀಸೆಯಲ್ಲಿ ಅವಳ ರಕ್ತ ತೆಗೆದುಕೊಂಡರು.

"ಮಾತ್ರೆ ಪೂರ್ತಿ ತಗೊಂಡ್ರಾ?" ಎಂದು ಅವರಲ್ಲಿದ್ದ ಹೆಂಗಸು ಕೇಳಿದರು.

ನನ್ನ ಅತ್ತೆ, ಅವಳ ತಾಯಿ, ಪಕ್ಕದಲ್ಲೇ ನಿಂತಿದ್ದರು.

"ನಾನೇ ಕೈಯಾರೆ ಕೊಟ್ಟಿದೀನಿ ಮೇಡಂ," ಅಂದೆ. ಕೊಟ್ಟದ್ದೇನೋ ನಿಜ. ಅವರು ಬರೆದುಕೊಂಡರು. ಅದಾದ ಮೂರನೇ ದಿನ ಅವಳು ಹೋದಳು.

ತಿಥಿ ಮುಗಿದ ಮೇಲೆ ಆ ಸಂಶೋಧಕರ ಜೀಪು ಊರಿಗೆ ಬಂತು, ಕೊಟ್ಟಿಗೆಗಳಲ್ಲಿ ಸೊಳ್ಳೆ ಹಿಡಿಯಲು. ಗಾಜಿನ ಕೊಳವೆಯಲ್ಲಿ ಮೆಲ್ಲಗೆ ಉಸಿರೆಳೆದು, ಕಾಲು ಮುರಿಯದ ಹಾಗೆ ಒಂದೊಂದೇ ಸೊಳ್ಳೆ ಹಿಡಿಯುತ್ತಿದ್ದರು. ಅಷ್ಟು ಜೋಪಾನ ನನಗೆ ಸಹಿಸಲಾಗಲಿಲ್ಲ.

"ನನ್ನ ಹೆಂಡ್ತಿ ರಕ್ತ ಏನಾಯ್ತು?" ಎಂದು ಆಸ್ಪತ್ರೆಗೆ ಬಂದಿದ್ದ ಆ ಹೆಂಗಸನ್ನು ಕೇಳಿದೆ.

"ನಂಬರ್ ಹಾಕಿ ಲ್ಯಾಬಿಗೆ ಕಳಿಸಿದೀವಿ. ಒಬ್ಬೊಬ್ಬರದು ಮನೆಯವರಿಗೆ ಹೇಳೋ ಪದ್ಧತಿ ಇಲ್ಲ ಸರ್."

ಆಗ ಎರಡನೇ ದಿನದ ವಾಂತಿಯ ವಿಷಯ ಹೇಳಿಬಿಟ್ಟೆ. ಆಕೆ ಕೊಳವೆ ಕೆಳಗಿಟ್ಟರು.

"ಅವತ್ತೇ ಹೇಳ್ಬೇಕಿತ್ತು. ಈಗ ಔಷಧಿ ಕೆಲಸ ಮಾಡ್ಲಿಲ್ಲ ಅಂತ ಹೇಳಕ್ಕಾಗಲ್ಲ. ಅವರದನ್ನ ನಮ್ಮ ಲೆಕ್ಕದಿಂದ ಕೈಬಿಡ್ಬೇಕಾಗ್ತದೆ."

ಕೈಬಿಟ್ಟರು ಅಂತ ಕಾಣುತ್ತದೆ. ಮತ್ತೆ ಯಾರೂ ಬರಲಿಲ್ಲ. ಅವಳು ಸತ್ತದ್ದು ಮಾತ್ರೆ ಕೆಲಸ ಮಾಡದ್ದಕ್ಕೋ, ನಾನು ಇನ್ನೊಂದು ತಂದುಕೊಡದ್ದಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ.