ಎರಡು ಊರಿನ ಜ್ವರ

ಗಂಡ ಸುಮಂತನ ಜ್ವರ ಯಾಕೆ ಇಳಿಯುತ್ತಿಲ್ಲ ಎಂಬ ಚಿಂತೆ ಮಗುವಿಗೆ ಉಣಿಸುವಾಗಲೂ ನನ್ನ ತಲೆಯಿಂದ ಹೋಗುತ್ತಿರಲಿಲ್ಲ. ವಾರವಿಡೀ ತಿರುವನಂತಪುರದಲ್ಲಿ ಕೆಲಸ, ಶನಿವಾರ ತ್ರಿಪ್ಪುಣಿತ್ತುರದ ಮನೆಗೆ ಬರುತ್ತಾನೆ. ಅಲ್ಲೊಬ್ಬ ಡಾಕ್ಟರು, ಇಲ್ಲೊಬ್ಬರು. ಇಬ್ಬರಿಗೂ ಪ್ರತಿಸಲ "ಎರಡು ದಿನದಿಂದ ಜ್ವರ" ಎಂದೇ ಹೇಳಿ ಮಾತ್ರೆ ತರುತ್ತಾನೆ.

"ಏಳು ವಾರ ಆಯ್ತು ಕಣೋ. ಬೆವರಿಗೆ ದಿಂಬೆಲ್ಲ ಒದ್ದೆ, ಪ್ಯಾಂಟು ಸೊಂಟದಲ್ಲಿ ನಿಲ್ತಿಲ್ಲ."

"ಮಗು ಸೀನಿದ್ರೂ ಗೂಗಲ್ ಮಾಡೋಳು ನೀನು. ಸುಮ್ನಿರೇ."

ಎರಡೂ ಊರಿನ ಡಾಕ್ಟರ ಚೀಟಿಗಳನ್ನು ತಾರೀಖಿನಂತೆ ಜೋಡಿಸಿದೆ. ಜ್ವರವಿಲ್ಲದ ಒಂದು ವಾರವೂ ಇರಲಿಲ್ಲ. ಈಚೆಗೆ ಅವನ ಕತ್ತಿನಲ್ಲಿ ಊದಿಕೊಂಡಿದ್ದ ಗಂಟಿನ ಮಾತು ಒಂದರಲ್ಲೂ ಇರಲಿಲ್ಲ. ಅವನೊಂದಿಗೆ ವಾದಿಸಲು ತ್ರಾಣವಿಲ್ಲದೆ ಇಲ್ಲಿಯ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ.

ಅವರು, "ನಾಳೆಯೇ ಕರೆತನ್ನಿ. ಗಂಟಿನ ಬಯಾಪ್ಸಿ ಆಗಬೇಕು. ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಹೀಗೆ ಜ್ವರವಾಗಿಯೇ ಶುರುವಾಗಬಹುದು" ಎಂದರು.