ಗುರ್ ಎನ್ನದ ನಾಯಿ

ನನ್ನ ತಮ್ಮನ ಬಲಗೈ ಹೆಬ್ಬೆರಳು ಮಡಚುವುದಿಲ್ಲ. ಊಟಕ್ಕೆ ಕೂತಾಗ ಮುದ್ದೆಯನ್ನು ಉಳಿದ ಬೆರಳುಗಳಿಂದಲೇ ಮುರಿದು, ಅಂಗೈ ಅಂಚಿನಲ್ಲಿ ಉರುಟು ಮಾಡಿ, ಸಾರಿನಲ್ಲಿ ಅದ್ದಿ ನುಂಗುತ್ತಾನೆ. ಮನೆಗೆ ಬಂದ ಹೊಸಬರು ಬೆರಳಿನ ವಿಷಯ ಕೇಳಿದರೆ, ಬಹಳ ವರ್ಷ ಅವನದು ಒಂದೇ ಉತ್ತರ: “ನಾಯಿ ಕಚ್ತು. ನಂದೇ ತಪ್ಪು, ಆತುರ ಬಿದ್ದೆ.” ಆ ಮಾತು ಶುರುವಾದರೆ ನಾನು ಎಂಜಲು ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ತಪ್ಪು ಅವನದಾಗಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಕೈಗೆ ಬಂದದ್ದು ಹೊಗೆಸೊಪ್ಪು ಕಟ್ಟುವ ಉದ್ದನೆಯ ಕಡ್ಡಿ. ನಮ್ಮದು ರಾವಂದೂರಿನ ಕಡೆಯ ಹಳ್ಳಿ. ಮನೆಯ ಹಿಂದೆಯೇ ಸೊಪ್ಪನ್ನು ಬೆಂಕಿಯ ಕಾವಿಗೆ ಬೇಯಿಸಿ ಒಣಗಿಸುವ ಬ್ಯಾರನ್ ಇತ್ತು. ಅಪ್ಪ ಬೇಗ ಹೋದರು. ನನ್ನ ಗಂಡನೂ ಮದುವೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡಿದ್ದರಿಂದ ನಾನು ತವರಿಗೆ ವಾಪಸು ಬಂದಿದ್ದೆ. ತಮ್ಮ ಕೊಡಗಿನ ಒಂದು ಕಾಫಿ ತೋಟದಲ್ಲಿ ಜೀಪು ಓಡಿಸುತ್ತಿದ್ದ. ಮನೆಯಲ್ಲಿ ಅವ್ವ, ನಾನು, ಮತ್ತು ಬ್ಯಾರನ್ ಕಾವಲಿಗೆಂದು ಕಟ್ಟಿದ್ದ ಒಂದು ಕೆಂಪು ನಾಯಿ. ಬಣ್ಣ ನೋಡಿ ಕೆಂಚ ಎನ್ನುತ್ತಿದ್ದೆವು.

ಸೊಪ್ಪು ಮುರಿಯುವ ತಿಂಗಳುಗಳಲ್ಲಿ ನಮಗೆ ಬೆನ್ನು ನೆಲಕ್ಕೆ ಹಾಕುವುದೇ ಒಂದು ಭಾಗ್ಯ. ಹೊಲದಿಂದ ಬಂದ ಹಸಿ ಎಲೆಯನ್ನು ಅಂದೇ ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು, ಸೌದೆ ಹಾಕುತ್ತ ಬೆಂಕಿ ಕಾಯಬೇಕು. ಕಟ್ಟಲು ಊರಿನ ಹೆಂಗಸರು ಬರುತ್ತಿದ್ದರು. ಅವರು ಬಂದರೆ ಕೆಂಚ ಹಲ್ಲು ತೋರಿಸಿ ಗುರ್ ಎನ್ನುತ್ತಿತ್ತು. ಕಚ್ಚಿರಲಿಲ್ಲ, ಗುರ್ ಎನ್ನುತ್ತಿತ್ತು ಅಷ್ಟೆ. ಒಂದು ದಿನ ಇಬ್ಬರು ಸೊಪ್ಪು ಕಟ್ಟುವ ಚಪ್ಪರದ ಒಳಗೆ ಕಾಲಿಡದೆ ನಿಂತುಬಿಟ್ಟರು.

“ನಿಮ್ ನಾಯಿ ಅಂಗೆ ಗುರ್ ಅಂತಿದ್ರೆ ನಾವ್ ಬರಾಕಿಲ್ಲ ಕಣವ್ವ. ಬ್ಯಾರೆಯವರ ಮನೇಲೂ ಸೊಪ್ಪದೆ.”

ಗುಡ್ಡೆ ಬಿದ್ದ ಎಲೆ ಬಾಡುತ್ತಿತ್ತು. ನಾನು ಸರಿಯಾಗಿ ಮಲಗಿ ಎಷ್ಟೋ ದಿನವಾಗಿತ್ತು. ಕೈಯಲ್ಲಿದ್ದ ಕಡ್ಡಿಯಿಂದಲೇ ನಾಯಿಯ ಮೂತಿಗೆ ಬಿಟ್ಟೆ. ಅದು ಕುಂಯ್ ಎಂದು ಮುದುರಿತು. ಹೆಂಗಸರು ಒಳಗೆ ಬಂದು ಕೂತರು. ಇಷ್ಟು ಸುಲಭವೇ ಅನ್ನಿಸಿತು ನನಗೆ.

ಆಮೇಲೆ ಅದೊಂದು ಅಭ್ಯಾಸವಾಯಿತು. ಅದು ಗುರ್ ಅಂದರೆ ನಾನು ಹೊಡೆಯುವುದು. ಹೆಂಗಸರು ಬರುವ ಮೊದಲೇ, ಅವ್ವ ಒಳಗಿದ್ದು ನೋಡದಿರುವಾಗ ಹೊಡೆದದ್ದೂ ಉಂಟು. ನಿಜ ಹೇಳಬೇಕೆಂದರೆ ಎಲ್ಲ ಏಟೂ ನಾಯಿಗಾಗಿ ಕೊಟ್ಟದ್ದಲ್ಲ. ದಣಿವಿಗೆ, ನಿದ್ದೆಗೆ, ಮೂವತ್ತು ತುಂಬುವ ಮೊದಲೇ ಮುದುಕಿಯಾದ ನನ್ನ ಪಾಡಿಗೆ ಕೊಟ್ಟ ಏಟುಗಳೂ ಅದರಲ್ಲಿದ್ದವು. ಆ ಹಂಗಾಮಿನ ಕೊನೆಯ ಹೊತ್ತಿಗೆ ಕೆಂಚ ಗುರ್ ಎನ್ನುವುದನ್ನೇ ಬಿಟ್ಟಿತು. ಯಾರು ಬಂದರೂ ತಲೆ ತಗ್ಗಿಸಿ ಕೂರುತ್ತಿತ್ತು.

“ನೋಡು, ಎಷ್ಟ್ ಸಾಧು ಆಗೋಯ್ತು,” ಎಂದಳು ಅವ್ವ. “ನಿನ್ ಕೈಯ ಅನ್ನ ತಿಂದು ಬುದ್ಧಿ ಬಂತು.”

ನನಗೂ ಹೆಮ್ಮೆಯಾಯಿತು.

ಮುಂದಿನ ವರ್ಷ ಸೊಪ್ಪು ಕಟ್ಟಲು ಬಂದಿದ್ದ ಹಿಂದಿನ ಬೀದಿಯ ಒಬ್ಬಾಕೆ, ನೀರು ಕುಡಿಯಲು ಎದ್ದವಳು ನಾಯಿಯ ಪಕ್ಕದಲ್ಲಿ ಹಾದಳು. ಅದು ಎದ್ದದ್ದೂ ಗೊತ್ತಾಗಲಿಲ್ಲ. ಸದ್ದೇ ಮಾಡದೆ ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಬಿಡಿಸುವಷ್ಟರಲ್ಲಿ ಸೀರೆಯ ಅಂಚೆಲ್ಲ ರಕ್ತ. ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೊಕ್ಕುಳ ಸುತ್ತ ಚುಚ್ಚುವ ಇಂಜೆಕ್ಷನ್ ಶುರುವಾಯಿತು. ನಾಯಿಯನ್ನು ಕೊಲ್ಲಬೇಡಿ, ಹತ್ತು ದಿನ ಕಟ್ಟಿ ಹಾಕಿ ನೋಡಿ, ಸಾಯದಿದ್ದರೆ ಹುಚ್ಚು ಹಿಡಿದಿಲ್ಲ ಎಂದರ್ಥ ಎಂದರು ಡಾಕ್ಟರು. ಅದೊಂದೇ ಕಾರಣಕ್ಕೆ ಕೆಂಚ ಅಂದು ಉಳಿಯಿತು. ಆಕೆಯ ಗಂಡ ಹಾರೆ ಹಿಡಿದು ನಮ್ಮ ಅಂಗಳಕ್ಕೆ ಬಂದಿದ್ದವನು, “ಹತ್ ದಿನ ಆಗ್ಲಿ, ಆಮೇಲೆ ನಾನೇ ಬತ್ತೀನಿ,” ಎಂದು ಹೇಳಿ ಹೋದ.

ಅವ್ವ ಎಸ್‌ಟಿಡಿ ಬೂತಿನಿಂದ ತೋಟಕ್ಕೆ ಫೋನು ಮಾಡಿಸಿದಳು. ತಮ್ಮ ರಜೆ ಹಾಕಿ ಬಂದ. ಆ ತೋಟದಲ್ಲಿ ಐದಾರು ನಾಯಿಗಳಿದ್ದವಂತೆ. ಅವುಗಳನ್ನು ನೋಡಿಕೊಳ್ಳುತ್ತಿದ್ದ ಮಲಯಾಳದ ಮುದುಕನೊಬ್ಬನ ಜೊತೆ ಕೂತು ಕೂತು ಇವನಿಗೂ ನಾಯಿಗಳ ಹುಚ್ಚು ಹಿಡಿದಿತ್ತು. ಹತ್ತು ದಿನ ಮುಗಿದರೂ ಕೆಂಚ ಸತ್ತಿರಲಿಲ್ಲ; ಅವನು ಬಂದ ದಿನ ಅಂಗಳದಲ್ಲಿ ಜನ ಸೇರಿದ್ದರು. ಕಚ್ಚಿಸಿಕೊಂಡವಳ ಗಂಡ, ಅತ್ತೆ, ಅಕ್ಕಪಕ್ಕದವರು. ತಮ್ಮ ಚೀಲ ಇಳಿಸಿ ಮೊದಲು ಕೇಳಿದ್ದೇ ನನ್ನನ್ನು.

“ಅಕ್ಕ, ಕಚ್ಚೋಕ್ ಮುಂಚೆ ಗುರ್ ಅಂತಾ?”

“ಇಲ್ಲ.”

“ಯಾರಾದ್ರೂ ಹೊಡ್ದಿದ್ರಾ ಇದಕ್ಕೆ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹೊಡೆದದ್ದನ್ನು ಕಂಡಿದ್ದ ಹೆಂಗಸರು ಆ ಗುಂಪಿನಲ್ಲಿರಲಿಲ್ಲ. ಹೌದು ಎಂದಿದ್ದರೆ ಆ ಹೆಂಗಸಿನ ಕಾಲಿನ ಗಾಯವೂ ಹೊಟ್ಟೆಯ ಸೂಜಿಯೂ ನನ್ನ ತಲೆಗೇ ಬರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವ್ವ, “ಅನ್ನ ಆಕೋಳು ಅವ್ಳು, ಹೊಡ್ದಾಳೇನ್ಲಾ?” ಎಂದಳು.

“ಇಲ್ಲ ಕಣಪ್ಪ, ಯಾರೂ ಹೊಡ್ದಿಲ್ಲ,” ಎಂದೆ.

ಆ ಮಾತನ್ನು ಅವನು ನಂಬಿದ. ಅಕ್ಕನ ಮಾತು ನಂಬದೆ ಇನ್ನೇನು ಮಾಡುತ್ತಾನೆ? ಕಚ್ಚಿಸಿಕೊಂಡವಳ ಗಂಡನ ಕಾಲು ಮುಟ್ಟಿ, ಒಂದು ತಿಂಗಳು ಕೊಡಿ, ಆಗದಿದ್ದರೆ ನೀವು ಹೇಳಿದ ಹಾಗೆ, ಎಂದು ಕೇಳಿಕೊಂಡ.

ಮರುದಿನದಿಂದ ಬ್ಯಾರನ್ ಗೋಡೆಯ ಹತ್ತಿರ ಕೂರತೊಡಗಿದ. ಸರಪಳಿಗೆ ಸಿಗದಷ್ಟು ದೂರದಲ್ಲಿ, ನಾಯಿಗೆ ಮುಖ ಕೊಡದೆ, ಪಕ್ಕಕ್ಕೆ ತಿರುಗಿ ಕೂರುವುದು. ಕಣ್ಣಲ್ಲಿ ಕಣ್ಣಿಡುವಂತಿಲ್ಲ. ಆಗಾಗ ಮುದ್ದೆಯ ಚೂರಿಗೆ ಸುಟ್ಟ ಒಣಮೀನು ಮೆತ್ತಿ, ನೋಡದೆ ಹಿಂದಕ್ಕೆ ಎಸೆಯುವುದು. ಬೀದಿಯಲ್ಲಿ ಹೋಗುವವರಿಗೆ ತಮಾಷೆಯೋ ತಮಾಷೆ.

“ಏನ್ಲಾ, ಹೆಣ್ ನೋಡಾಕ್ ಬಂದೋನಂಗೆ ಕುಂತಿದ್ದೀಯ? ತಲೆ ಎತ್ತಂಗಿಲ್ಲ, ಮಾತಾಡಂಗಿಲ್ಲ!”

“ಹೆಣ್ಣಿನ್ ಕಡೆಯೋರು ಇನ್ನೂ ಒಪ್ಪಿಲ್ಲ ಕಣಣ್ಣ,” ಎನ್ನುತ್ತಿದ್ದ ಇವನು, ಕೂತಲ್ಲಿಂದಲೇ.

ಸಂಜೆ ಜಗುಲಿಯ ಮೇಲೆ ನನಗೆ ವಿವರಿಸುತ್ತಿದ್ದ. “ಕಚ್ಚೋ ನಾಯಿ ಧೈರ್ಯದ್ದಲ್ಲ ಕಣಕ್ಕ, ಹೆದರಿರೋದು. ಗುರ್ ಅಂದ್ರೆ ‘ಹತ್ರ ಬರ್ಬೇಡ’ ಅಂತ ಬಾಯ್ಬುಟ್ಟು ಹೇಳ್ತದೆ. ನಾವು ಹಿಂದಕ್ ಬರಬೇಕು. ನನ್ ಮಾತು ಇವ್ನಿಗೆ ಕೇಳ್ತು ಅಂತ ಅದಕ್ ಗೊತ್ತಾದ್ರೆ ಹಲ್ಲಿಗ್ ಕೆಲ್ಸಾನೇ ಇಲ್ಲ. ತೋಟದ ಆ ಮುದುಕ ಹೇಳೋನು, ನಾಯಿಯ ಗುರ್ರಿಗೆ ಯಾವತ್ತೂ ಹೊಡೀಬಾರ್ದು ಅಂತ. ಹೊಡುದ್ರೆ ಗುರ್ ನಿಲ್ತದೆ, ಹೆದ್ರಿಕೆ ಒಳಗೇ ಇರ್ತದೆ.”

ನಾನು ದೀಪದ ಬತ್ತಿ ಸರಿಮಾಡುವ ಹಾಗೆ ಮಾಡಿ ಎದ್ದು ಹೋದೆ.

ಅವನು ದಿನದಿನಕ್ಕೆ ಹತ್ತಿರ ಸರಿದ. ಕೆಂಚ ಗುರ್ ಎನ್ನಲಿಲ್ಲ. “ಒಪ್ಕೋತಾ ಅದೆ ಕಣಕ್ಕ,” ಎಂದು ಅವನು ಹಿಗ್ಗಿದ. ನನಗೆ ಕಾಣುತ್ತಿದ್ದದ್ದು ಬೇರೆ. ಅವನು ಸರಿದಾಗಲೆಲ್ಲ ನಾಯಿ ತುಟಿ ನೆಕ್ಕಿಕೊಳ್ಳುತ್ತಿತ್ತು, ಮೈಯನ್ನು ಕಟ್ಟಿಗೆಯಂತೆ ಬಿಗಿ ಮಾಡಿಕೊಳ್ಳುತ್ತಿತ್ತು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತಿತ್ತು. ಕಡ್ಡಿ ಎತ್ತುವ ಮೊದಲು ನನ್ನನ್ನೂ ಅದು ಹಾಗೇ ನೋಡುತ್ತಿದ್ದದ್ದು. ನನಗೆ ಗೊತ್ತಿತ್ತು. ಇನ್ನೊಂದು ವಿಷಯ: ನಾನು ಕಡ್ಡಿ ಕಟ್ಟು ಹೊತ್ತು ಆ ಕಡೆ ಹೋದರೆ ಕೆಂಚ ಸರಪಳಿ ಎಳೆದುಕೊಂಡು ಗೋಡೆಯ ಮೂಲೆಗೆ ಸೇರುತ್ತಿತ್ತು. “ಇದ್ಯಾಕಕ್ಕ, ಕಡ್ಡಿ ಕಂಡ್ರೆ ಅಂಗಾಡ್ತದೆ?” ಎಂದು ಅವನು ಕೇಳಿದ್ದ. “ಏನೋಪ್ಪ,” ಎಂದಿದ್ದೆ.

ಅದರ ಕೊರಳಿಗೆ ಕಟ್ಟಿದ್ದ ಪಟ್ಟಿ ಚರ್ಮ ಕೊಯ್ದು ಹುಣ್ಣಾಗಿತ್ತು. ಒಂದು ಬೆಳಗ್ಗೆ ಅವನು ಬೇವಿನೆಣ್ಣೆಗೆ ಅರಿಶಿನ ಕಲಸಿಕೊಂಡು ಅದರ ಪಕ್ಕಕ್ಕೇ ಹೋಗಿ ಕೂತ. ನಾನು ಚಪ್ಪರದಲ್ಲಿ ಸೊಪ್ಪು ಕಟ್ಟುತ್ತಿದ್ದೆ. ಕೈ ಮುಂದಕ್ಕೆ ಹೋದದ್ದು ಕಂಡಿತು. ನಾಯಿಯ ಕಣ್ಣೂ ಕಂಡಿತು. ‘ಬೇಡ ಕಣೋ’ ಎಂಬ ಮಾತು ಗಂಟಲವರೆಗೆ ಬಂತು. ಬೇಡ ಎಂದರೆ, ಯಾಕೆ ಎಂದು ಕೇಳುತ್ತಿದ್ದ. ಅಷ್ಟಕ್ಕೇ ನಾನು ಸುಮ್ಮನಿದ್ದೆ.

ಹುಣಸೂರಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಹೆಬ್ಬೆರಳಿನ ನರ ಹರಿದಿದೆ ಎಂದರು. ಗಾಯ ಮಾಯಿತು, ಬೆರಳು ಮಡಚಲಿಲ್ಲ. ತೋಟಕ್ಕೆ ವಾಪಸು ಹೋದವನು ಬೇಗನೇ ಬಂದುಬಿಟ್ಟ. ಇಳಿಜಾರಿನ ತಿರುವಿನಲ್ಲಿ ಸ್ಟೇರಿಂಗ್ ಜಾರಿತಂತೆ. ಇನ್ನು ಬೇಡ ಎಂದರಂತೆ ತೋಟದವರು. ಆ ಜೀಪು ಎಂದರೆ ಅವನಿಗೆ ಪ್ರಾಣ. ಅದರ ಬಗ್ಗೆ ಒಂದು ದಿನವೂ ಗೊಣಗಲಿಲ್ಲ.

ಮತ್ತೆ ನಾಯಿಯ ಹತ್ತಿರ ಕೂತ. ಈ ಸಲ ಇನ್ನೂ ದೂರದಿಂದ, ಇನ್ನೂ ನಿಧಾನವಾಗಿ. ತುಟಿ ನೆಕ್ಕಿದರೂ ಸಾಕು, ಹಿಂದಕ್ಕೆ ಸರಿಯುತ್ತಿದ್ದ. ಅದನ್ನು ಅವನೇ ಕಂಡುಕೊಂಡಿದ್ದ. ತಿಂಗಳುಗಳು ಹೋದವು. ಕಚ್ಚಿಸಿಕೊಂಡವಳ ಗಂಡನೂ ಬೇಸತ್ತು ಕೇಳುವುದನ್ನು ಬಿಟ್ಟ. ಒಂದು ಮಧ್ಯಾಹ್ನ ತಮ್ಮ ಕೂಗಿಕೊಂಡ.

“ಅಕ್ಕಾ! ಬಾ ಇಲ್ಲಿ! ಗುರ್ ಅಂತು ಕಣಕ್ಕ!”

ಓಡಿ ಹೋಗಿ ನೋಡಿದರೆ ಅವನು ಕೈ ಮೇಲೆತ್ತಿ, ನಗುತ್ತ, ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದ. “ಆಯ್ತಪ್ಪ, ಆಯ್ತು, ಹೊಂಟೆ,” ಎನ್ನುತ್ತಿದ್ದ. ಕೆಂಚ ಸಣ್ಣ ದನಿಯಲ್ಲಿ ಇನ್ನೊಮ್ಮೆ ಗುರ್ ಎಂದು, ಅವನು ಹಿಂದಕ್ಕೆ ಹೋದದ್ದನ್ನು ನೋಡಿ, ಮಲಗಿತು. ಆಮೇಲೆ ಅದು ಯಾರನ್ನೂ ಕಚ್ಚಲಿಲ್ಲ.

ಆ ಸುದ್ದಿ ಹಬ್ಬಿತು. ಗಾವಡಗೆರೆ, ಭೇರ್ಯದ ಕಡೆಯಿಂದಲೂ ಕಚ್ಚುವ ನಾಯಿ ಇದ್ದವರು ಹೇಳಿ ಕಳಿಸುತ್ತಿದ್ದರು. ಇವನು ಬಸ್ಸು ಹತ್ತಿ ಹೋಗುತ್ತಿದ್ದ. ಹೋದಲ್ಲೆಲ್ಲ ಮೊದಲ ಪ್ರಶ್ನೆ, ಯಾರಾದರೂ ಹೊಡೆದಿದ್ದರಾ ಎಂಬುದೇ. ಜನ ಇಲ್ಲ ಎನ್ನುತ್ತಿದ್ದರು, ನನ್ನ ಹಾಗೆ. ಅವನು ನಂಬುತ್ತಿದ್ದ. ಯಾಕೆಂದರೆ ಅವನ ಮನೆಯಲ್ಲೇ ಒಂದು ಸಾಕ್ಷಿ ಇತ್ತಲ್ಲ. “ಕೆಲವು ಹುಟ್ಟಿನಿಂದ್ಲೇ ಅಂಗೆ ಕಣ್ರೀ, ಸದ್ದಿಲ್ದೆ ಕಚ್ಚೋವು. ನಮ್ ಕೆಂಚಂಗೆ ಯಾರೂ ಒಂದೇಟ್ ಹೊಡ್ದಿರ್ಲಿಲ್ಲ,” ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ.

ಒಂದು ಸಂಜೆ ಕೆ.ಆರ್. ನಗರದ ಕಡೆಯಿಂದ ಬಂದವನು ಊಟಕ್ಕೆ ಏಳಲಿಲ್ಲ. ಆ ಮನೆಯ ನಾಯಿ ತೊಟ್ಟಿಲ ಹತ್ತಿರ ಓಡಾಡುತ್ತದಂತೆ, ಸದ್ದಿಲ್ಲದೆ ಇಬ್ಬರನ್ನು ಕಚ್ಚಿದೆಯಂತೆ. “ಹೊಡ್ದೇ ಇಲ್ಲ ಅಂತಾರೆ ಕಣಕ್ಕ. ಹುಟ್ಟುಗುಣ ಅಂದ್ಮೇಲೆ ಮಗು ಇರೋ ಮನೇಲಿ ಇಟ್ಕೊಳ್ಳಿ ಅಂತ ಎಂಗ್ ಹೇಳ್ಲಿ? ಕೈಲಾಗಲ್ಲ ಅಂತ ಬಂದುಬುಟ್ಟೆ. ನಾಳೆ ಅದನ್ನ ಸಾಯ್ಸಕ್ಕೆ ಸೂಜಿ ಆಕಿಸ್ತಾರೆ.”

ಕೆಂಚ ಆಗ ಮುದಿಯಾಗಿ, ಜಗುಲಿಯ ಕೆಳಗೆ ಮಲಗಿತ್ತು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

“ಹೊಡ್ದಿದ್ದೆ ಕಣೋ,” ಎಂದೆ. “ಕೆಂಚಂಗೆ. ನಾನೇ.”

ಅವನು ತಿರುಗಿ ನೋಡಿದ. “ಯಾವ್ದ್ರಲ್ಲಿ?” ಎಂದ.

“ಸೊಪ್ಪಿನ್ ಕಡ್ಡೀಲಿ.”

“ಎಲ್ಲಿಗೆ?”

“ಮೂತಿಗೆ. ಗುರ್ ಅಂದಾಗೆಲ್ಲ.”

“ಎಷ್ಟ್ ದಿನ?”

“ಒಂದು ಹಂಗಾಮು ಪೂರ್ತಿ.”

ಬೆಳಗ್ಗೆ ನಾನು ಎದ್ದಾಗ ಅವನು ಮನೆಯಲ್ಲಿರಲಿಲ್ಲ; ಮೊದಲ ಬಸ್ಸಿಗೇ ಹೋಗಿದ್ದ. ಕತ್ತಲಾಗುವ ಮೊದಲು ಬಂದು ಅವ್ವನಿಗೆ ಹೇಳಿದ: “ಸೂಜಿ ನಿಲ್ಲಿಸ್ದೆ. ಇನ್ನೊಂದ್ಸಲ ಕೇಳ್ದಾಗ ಒಪ್ಕೊಂಡ್ರು, ಒಲೆ ಊದೋ ಕೊಳವೇಲಿ ಹೊಡೀತಿದ್ರಂತೆ. ನಾಯೀನ ಅವರಣ್ಣನ್ ತೋಟಕ್ಕೆ ಬುಟ್ಟವ್ರೆ. ದಿನಾ ಹೋಗ್ಬೇಕು.” ನನ್ನ ಕಡೆ ನೋಡಲಿಲ್ಲ.

ಅಂದಿನಿಂದ ಅವನು ನನಗೆ ಏನೂ ಅನ್ನಲಿಲ್ಲ. ಬಡಿಸಿದ್ದನ್ನು ಉಂಡ, ಕೇಳಿದ್ದಕ್ಕೆ ಉತ್ತರ ಕೊಟ್ಟ, ದನಿ ಎತ್ತಲಿಲ್ಲ. ಅವ್ವನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ನನಗೆ ಮಾತ್ರ ಆ ಮೌನದ ಪಕ್ಕದಲ್ಲಿ ಹಾದುಹೋಗಲು ಹೆದರಿಕೆಯಾಗುತ್ತಿತ್ತು. ಆ ಮಳೆಗಾಲವೆಲ್ಲ ಹಾಗೇ ಕಳೆಯಿತು.

ಸೊಪ್ಪು ಮತ್ತೆ ಬಂತು. ಒಂದು ಬೆಳಗ್ಗೆ ನಾನು ಕಡ್ಡಿಯ ಕಟ್ಟು ಹೊತ್ತು, ದಾರಿ ಹತ್ತಿರವೆಂದು ಜಗುಲಿಯ ಪಕ್ಕದಲ್ಲೇ ಬರುತ್ತಿದ್ದೆ. ಕೆಂಚ ಮುದಿ ಕಾಲುಗಳನ್ನು ಎಳೆದುಕೊಂಡು ಏಳಲು ನೋಡಿತು. ತಮ್ಮ ಒಳಗಿನಿಂದ ಧಡಾರನೆ ಬಂದ.

“ಆ ಕಡ್ಡಿ ಹೊತ್ಕೊಂಡು ಇತ್ಲಾಗ್ ಬರ್ಬೇಡ ನೀನು!” ಎಂದು ಕಿರುಚಿದ. ಅವನ ಮುಖ ಕೆಂಪಾಗಿತ್ತು, ಮಡಚದ ಆ ಬೆರಳು ನನ್ನ ಕಡೆಗೇ ನೆಟ್ಟಗೆ ನಿಂತಿತ್ತು. “ನನ್ ಕೈ ಹೋಯ್ತು, ಜೀಪು ಹೋಯ್ತು, ಬಾಯ್ಬುಟ್ಟು ಒಂದ್ ಮಾತು ಹೇಳಕ್ಕಾಗ್ಲಿಲ್ವಲ್ಲ ನಿಂಗೆ! ಹೋಗತ್ಲಾಗೆ!”

“ಆಯ್ತಪ್ಪ,” ಎಂದೆ. ಕಟ್ಟನ್ನು ಅಲ್ಲೇ ಇಳಿಸಿದೆ. ಕೈ ಖಾಲಿ ಮಾಡಿಕೊಂಡು, ಅವನಿಗೆ ಬೆನ್ನು ಹಾಕದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದೆ.